ಪ್ರಾಂಶುಪಾಲರಿಗೂ ಒಂದು ಇಂಟರ್ನ್‌ಶಿಪ್ ಬೇಕು

ಕಳೆದ ತಿಂಗಳು ಮುಂಬಯಿ ಪಕ್ಕದ ಠಾಣೆ ನಗರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಪಾರ್ಶ್ವವಾಯು ರೋಗಿಗಳನ್ನು ಮತ್ತೆ ನಡೆಸುವುದರಲ್ಲಿ ಒಳ್ಳೆಯ ಹೆಸರು ಮಾಡಿದ ಫಿಸಿಯೋಥೆರಪಿಸ್ಟ್ ಆಕೆ. ಹತ್ತು ವರ್ಷಗಳಿಗೂ ಮಿಗಿಲಾಗಿ ಪಾಠ ಮಾಡಿದ ಅನುಭವವಿದೆ. "ಮ್ಯಾಡಮ್, ನನ್ನನ್ನು ಪ್ರಿನ್ಸಿಪಾಲ್ ಮಾಡಿದ್ದಾರೆ" ಎಂದಾಗ ನಾನು ಅಭಿನಂದಿಸಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಮೊದಲ ದಿನದ ಕಥೆ ಶುರುಮಾಡಿದ್ದಳು. ಕಚೇರಿಯ ಹಿರಿಯ ಗುಮಾಸ್ತರು ಬಂದು, "ರೋಸ್ಟರ್ ತಪಾಸಣೆ ಬಾಕಿ ಇದೆ, ಏನು ಮಾಡೋಣ?" ಎಂದು ಕೇಳಿದರಂತೆ. ಈಕೆ ತಕ್ಷಣ ಇಂಟರ್ನ್‌ಗಳ ಡ್ಯೂಟಿ ರೋಸ್ಟರನ್ನು ತೆಗೆದು ಮೇಜಿನ ಮೇಲಿಟ್ಟಳಂತೆ. ಅವರು ಕೇಳಿದ್ದು ಅಧ್ಯಾಪಕರ ನೇಮಕಾತಿಯಲ್ಲಿ ಮೀಸಲಾತಿಯ ಸ್ಥಾನಗಳನ್ನು ನಿರ್ಧರಿಸುವ ಬಿಂದು ನಾಮಾವಳಿಯನ್ನು. ಇಬ್ಬರೂ ನಕ್ಕೆವು, ಆದರೆ ಫೋನ್ ಇಟ್ಟ ಮೇಲೆ ನನಗೆ ನಗು ಉಳಿಯಲಿಲ್ಲ, ಏಕೆಂದರೆ ಹಲವು ವರ್ಷಗಳ ಹಿಂದೆ ಅದೇ ಕುರ್ಚಿಯಂಥದೊಂದು ಕುರ್ಚಿಯಲ್ಲಿ ನಾನು ಕುಳಿತಾಗ ನನಗೂ ಅಷ್ಟೇ ಗೊತ್ತಿತ್ತು.

ನಮ್ಮಲ್ಲಿ ಪ್ರಾಂಶುಪಾಲರನ್ನು ಆರಿಸುವಾಗ ಸ್ನಾತಕೋತ್ತರ ಪದವಿ, ಪಾಠ ಮಾಡಿದ ವರ್ಷಗಳು, ಪ್ರಕಟವಾದ ಸಂಶೋಧನಾ ಲೇಖನಗಳು ಇವನ್ನೆಲ್ಲ ಎಣಿಸುತ್ತಾರೆ. ಒಂದು ಖರೀದಿ ಕಡತವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ್ದೀರಾ, ಒಂದು ವರ್ಷದ ಆಯವ್ಯಯವನ್ನು ಬರೆದಿದ್ದೀರಾ, ಇಬ್ಬರು ಅಧ್ಯಾಪಕರ ಜಗಳದ ನಡುವೆ ಕುಳಿತು ಅದನ್ನು ಬಗೆಹರಿಸಿದ್ದೀರಾ ಎಂದು ಕೇಳುವವರಿಲ್ಲ. ಒಬ್ಬ ಇಂಟರ್ನ್ ತನ್ನಷ್ಟಕ್ಕೆ ರೋಗಿಯನ್ನು ಮುಟ್ಟುವ ಮೊದಲು ತಿಂಗಳುಗಟ್ಟಲೆ ಹಿರಿಯರ ಕಣ್ಣೆದುರು ಕೆಲಸ ಮಾಡಬೇಕೆಂದು ಪಟ್ಟು ಹಿಡಿಯುವ ನಾವು, ನೂರಾರು ವಿದ್ಯಾರ್ಥಿಗಳ ಕಾಲೇಜನ್ನು ಮಾತ್ರ ಯಾವ ತರಬೇತಿಯೂ ಇಲ್ಲದವರ ಕೈಗೆ ಒಂದು ಆದೇಶಪತ್ರದ ಮೂಲಕ ಒಪ್ಪಿಸಿಬಿಡುತ್ತೇವೆ.

ನನ್ನ ಪ್ರಸಂಗವನ್ನೇ ಹೇಳುತ್ತೇನೆ. ಆ ವರ್ಷ ನಮ್ಮ ಪ್ರಾಯೋಗಿಕ ಕೊಠಡಿಗೆ ನಾಲ್ಕು ಹೊಸ ಪ್ಲಿಂತ್‌ಗಳು, ಎಂದರೆ ರೋಗಿಯನ್ನು ಮಲಗಿಸಿ ಚಿಕಿತ್ಸೆ ಕೊಡುವ ಮಂಚಗಳು, ಬೇಕಾಗಿದ್ದವು. ಹಣ ಮಂಜೂರಾಗಿತ್ತು. ನಾನು ಒಂದೇ ಕಂಪನಿಯ ದರಪಟ್ಟಿಯನ್ನು ಲಗತ್ತಿಸಿ, ಎತ್ತರ ಹೊಂದಿಸಬಹುದಾದ ಪ್ಲಿಂತ್ ಚಿಕಿತ್ಸಕರ ಬೆನ್ನಿಗೆ ಏಕೆ ಒಳ್ಳೆಯದು ಎಂದು ಎರಡು ಪುಟ ವಿವರಣೆ ಬರೆದು ಕಡತ ಕಳುಹಿಸಿದೆ. ವಿವರಣೆಯೇನೋ ಸೊಗಸಾಗಿತ್ತು. ಮೂರು ಕೊಟೇಶನ್ ಎಲ್ಲಿ, ಅವುಗಳ ತುಲನಾತ್ಮಕ ಪಟ್ಟಿ ಎಲ್ಲಿ ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಕಡತ ವಾಪಸು ಬಂತು. ಅದನ್ನೆಲ್ಲ ಹೊಂದಿಸುವಷ್ಟರಲ್ಲಿ ಮಾರ್ಚ್ 31 ದಾಟಿ ಹಣ ರದ್ದಾಯಿತು. ಮುಂದಿನ ಇಡೀ ವರ್ಷ ಒಂದೊಂದು ಪ್ಲಿಂತ್ ಸುತ್ತ ಆರೇಳು ಹುಡುಗಿಯರು ಸರದಿಗಾಗಿ ಕಾಯುತ್ತ ನಿಂತಿದ್ದನ್ನು ನಾನು ದಿನವೂ ನೋಡಬೇಕಾಯಿತು. ತಪ್ಪು ಆಡಳಿತ ಮಂಡಳಿಯದಲ್ಲ, ನನ್ನದು. ಆದರೆ ಆ ಪಾಠವನ್ನು ವಿದ್ಯಾರ್ಥಿಗಳ ಖರ್ಚಿನಲ್ಲಿ ನಾನು ಕಲಿಯಬೇಕಾಗಿರಲಿಲ್ಲ.

ಈ ಕೊರತೆಗೆ ಒಂದು ಇತಿಹಾಸವೂ ಇದೆ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ ನಮ್ಮದೇ ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1950ರ ದಶಕದ ಆರಂಭದಲ್ಲಿ ಶುರುವಾಯಿತು. ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿದ್ದು 1955ರಲ್ಲಿ. ಆದರೂ ಬಹುಕಾಲ ಅನೇಕ ಆಸ್ಪತ್ರೆಗಳಲ್ಲಿ ನಮ್ಮ ವಿಭಾಗಗಳು ಮೂಳೆ ತಜ್ಞರ ಅಥವಾ ಬೇರೆ ವೈದ್ಯರ ಅಧೀನದಲ್ಲೇ ಇದ್ದವು. ಕಡತಗಳಿಗೆ ಸಹಿ ಹಾಕುತ್ತಿದ್ದವರು ಅವರು, ರೋಗಿಗಳನ್ನು ನೋಡುತ್ತಿದ್ದವರು ನಾವು. ಸ್ವಂತ ಕಾಲೇಜು, ಸ್ವಂತ ಪ್ರಾಂಶುಪಾಲರು ಬಂದಾಗ ಅಧಿಕಾರವೇನೋ ಕೈಗೆ ಬಂತು, ಅದನ್ನು ನಡೆಸುವ ರೂಢಿ ಮಾತ್ರ ಬೆನ್ನಿಗೆ ಬರಲಿಲ್ಲ.

ಈಗಂತೂ ಹೊಣೆ ಇನ್ನೂ ಹೆಚ್ಚುತ್ತಿದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅಡಿಯಲ್ಲಿ ಬಂದಿರುವ ಹೊಸ ಪಠ್ಯಕ್ರಮವು, ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಿದ್ದ ಫಿಸಿಯೋಥೆರಪಿ ಪದವಿಯನ್ನು, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷಕ್ಕೆ ವಿಸ್ತರಿಸಿದೆ. ಕೇಳುವುದಕ್ಕೆ ಆರು ತಿಂಗಳ ವ್ಯತ್ಯಾಸ. ಮೊದಲು ವರ್ಷದ ಅರ್ಧಭಾಗ ಮಾತ್ರ ಇಂಟರ್ನ್‌ಗಳಿಗೆ ಪೋಸ್ಟಿಂಗ್ ಹುಡುಕಿದರೆ ಸಾಕಿತ್ತು, ಇನ್ನು ಮುಂದೆ ವರ್ಷವಿಡೀ ಹುಡುಕಬೇಕು. ಯಾವ ಆಸ್ಪತ್ರೆಯೊಂದಿಗೆ ಒಪ್ಪಂದ, ಐಸಿಯುವಿನಲ್ಲಿ ಒಂದು ಪಾಳಿಗೆ ಎಷ್ಟು ಮಂದಿ, ಅವರ ಮೇಲ್ವಿಚಾರಣೆ ಯಾರದು, ಭತ್ಯೆ ಯಾವ ಲೆಕ್ಕದಿಂದ ಎಂಬ ಪ್ರಶ್ನೆಗಳಿಗೆ ಪಠ್ಯಕ್ರಮದ ಪುಸ್ತಕ ಉತ್ತರಿಸುವುದಿಲ್ಲ, ಪ್ರಾಂಶುಪಾಲರೇ ಉತ್ತರಿಸಬೇಕು. ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಮಾನ್ಯತಾ ಸಮಿತಿ, ಸಿಇಟಿ ಸೆಲ್‌ನ ಪ್ರವೇಶ, ಶುಲ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಕೊಡಬೇಕಾದ ಲೆಕ್ಕಪತ್ರ ಇವೆಲ್ಲ ಇದ್ದೇ ಇವೆ.

ಕಡತಗಳಿಗಿಂತ ಕಷ್ಟದ್ದು ಮನುಷ್ಯರ ವಿಷಯ, ಅದರಲ್ಲೂ ನಮ್ಮಂಥ ಮುಟ್ಟಿ ಕಲಿಯುವ ವಿದ್ಯೆಯಲ್ಲಿ. ನಮ್ಮ ವಿದ್ಯಾರ್ಥಿಗಳು ಒಬ್ಬರ ಮೈ ಮೇಲೆ ಇನ್ನೊಬ್ಬರು ಕಲಿಯುತ್ತಾರೆ: ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಬೆರಳ ತುದಿಯಿಂದ ಗುರುತಿಸಬೇಕು, ಭುಜದ ಮೂಳೆಯ ಅಂಚನ್ನು ಹಿಡಿಯಬೇಕು. ಮೊದಲ ವರ್ಷದ ಒಬ್ಬ ಹುಡುಗಿ ಬೆನ್ನು ತೆರೆದು ಮಲಗಲು ಒಪ್ಪಲಿಲ್ಲ. ಅಧ್ಯಾಪಕರು ಅದನ್ನು ಹಟವೆಂದು ತಿಳಿದು ಗೈರುಹಾಜರಿ ಹಾಕಿದರು. ವಿಷಯ ನನ್ನ ಕೊಠಡಿಗೆ ಬಂದಾಗ ನನಗೆ ನಾಚಿಕೆಯಾಯಿತು. ರೋಗಿಯ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂದು ವರ್ಷಗಟ್ಟಲೆ ಬೋಧಿಸಿದ್ದ ನನಗೆ, ವಿದ್ಯಾರ್ಥಿಯ ಒಪ್ಪಿಗೆಯನ್ನೂ ಕೇಳಬೇಕೆಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಪರದೆ, ಹಿಂದೆ ತೆರೆದುಕೊಳ್ಳುವ ಗೌನು, ತನ್ನ ಜೊತೆಗಾರರನ್ನು ತಾನೇ ಆರಿಸಿಕೊಳ್ಳುವ ಅವಕಾಶ, ಮಾದರಿಯಾಗಿ ಮಲಗಲು ನಿರಾಕರಿಸಿದರೂ ಅಂಕ ಹೋಗದೆಂಬ ಲಿಖಿತ ನಿಯಮ: ಇಷ್ಟನ್ನು ಜಾರಿಗೆ ತರಲು ಮೂರು ಸಭೆಗಳು ಬೇಕಾದವು. ಮೂರನೆಯದರಲ್ಲಿ ಒಬ್ಬ ಹಿರಿಯರು, "ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದು ಕೇಳಿ ಹೊರಟುಹೋದರು. ಹಾಗೆ ಹೊರಟವರನ್ನು ಮರುದಿನ ಚಹಾಕ್ಕೆ ಕರೆದು ಮಾತಾಡಿಸುವುದೂ ಆಡಳಿತವೇ ಎಂದು ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ. ಇದೇ ದೂರು ಲೈಂಗಿಕ ಕಿರುಕುಳದ ಸ್ವರೂಪದ್ದಾಗಿದ್ದರೆ ಅದನ್ನು ತಡೆಯುವ 2013ರ ಕಾಯ್ದೆಯಂತೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರಾಗಿರುವ ಆಂತರಿಕ ಸಮಿತಿಗೆ ಹೋಗಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಅದನ್ನು ದೂರು ಬಂದ ದಿನ ಹುಡುಕಿ ಓದುವ ಪ್ರಾಂಶುಪಾಲರು ಆ ಹುಡುಗಿಗೆ ಏನು ಧೈರ್ಯ ಹೇಳಿಯಾರು?

ಹಾಗಾದರೆ ತಯಾರಿ ಹೇಗೆ? ಪಂಚತಾರಾ ಹೋಟೆಲಿನಲ್ಲಿ ನಡೆಯುವ ಎರಡು ದಿನದ ನಾಯಕತ್ವ ಶಿಬಿರಗಳ ಮೇಲೆ ನನಗೆ ನಂಬಿಕೆಯಿಲ್ಲ. ಅಲ್ಲಿ ಊಟ ಚೆನ್ನಾಗಿರುತ್ತದೆ. ಅಮೆರಿಕದ ಫಿಸಿಕಲ್ ಥೆರಪಿ ಸಂಘದ ಎಜುಕೇಶನ್ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಎಂಬ ಫೆಲೋಶಿಪ್ ಒಂದು ವರ್ಷ ನಡೆಯುತ್ತದೆ, ಒಬ್ಬ ಮಾರ್ಗದರ್ಶಕರಿರುತ್ತಾರೆ, ಅಭ್ಯರ್ಥಿ ತನ್ನದೇ ಸಂಸ್ಥೆಯಲ್ಲಿ ಒಂದು ಯೋಜನೆಯನ್ನು ಕೈಗೊಳ್ಳಬೇಕಾಗುತ್ತದೆ. ಅದರಲ್ಲಿ ನನಗೆ ಹಿಡಿಸಿದ್ದು ಈ ಕೊನೆಯ ಅಂಶ. ಆದರೆ ಅದಕ್ಕಾಗಿ ಅಷ್ಟು ದೂರ ನೋಡಬೇಕಾಗಿಯೂ ಇಲ್ಲ. ಕುಂದಾಪುರದ ಕಡೆಯಿಂದ ಹದಿನಾಲ್ಕರ ವಯಸ್ಸಿನಲ್ಲಿ ಮುಂಬಯಿಗೆ ಬಂದ ನನ್ನ ಸೋದರಮಾವ ಮಾಟುಂಗದ ಹೋಟೆಲೊಂದರಲ್ಲಿ ಮೊದಲು ಮೇಜು ಒರೆಸಿದರು, ರಾತ್ರಿಶಾಲೆಯಲ್ಲಿ ಓದುತ್ತ ಸಪ್ಲೈಗೆ ಬಂದರು, ಆಮೇಲೆ ಬೆಳಗಿನ ಜಾವ ಹಾಲು ತರಕಾರಿ ಅಳೆದು ತೆಗೆದುಕೊಳ್ಳುವ ಕೆಲಸಕ್ಕೆ, ಕೊನೆಗೆ ಗಲ್ಲಾಕ್ಕೆ. ಗಲ್ಲಾದಲ್ಲಿ ಕುಳಿತ ದಿನ ಅವರಿಗೆ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಕಾಲೇಜುಗಳಲ್ಲಿಯೂ ಇದು ಸಾಧ್ಯ. ಸಹಾಯಕ ಪ್ರಾಧ್ಯಾಪಕರಾಗಿ ಐದಾರು ವರ್ಷ ಕಳೆದವರಿಗೆ ಪ್ರತಿ ವರ್ಷ ಒಂದೊಂದು ನಿಜವಾದ ಹೊಣೆ ಕೊಡಬೇಕು: ಒಂದು ವರ್ಷ ಟೈಮ್‌ಟೇಬಲ್ ಮತ್ತು ಆಂತರಿಕ ಅಂಕಗಳು, ಮರುವರ್ಷ ಖರೀದಿ, ಅದರಾಚೆಗೆ ಮಾನ್ಯತೆಯ ಕಡತ. ಕೊಟ್ಟ ಹೊಣೆಯ ಜೊತೆಗೆ ಸಹಿಯ ಅಧಿಕಾರದ ಒಂದು ಪಾಲನ್ನೂ, ತಪ್ಪು ಮಾಡುವ ಅವಕಾಶವನ್ನೂ ಕೊಡಬೇಕು; ಇಲ್ಲದಿದ್ದರೆ ಅದು ಪ್ರಾಂಶುಪಾಲರ ಗುಮಾಸ್ತಿಕೆಯಾಗುತ್ತದೆ, ಕೆಲವು ಕಡೆ ಆಗಿಯೂ ಇದೆ. ವಾರಕ್ಕೆ ಇಷ್ಟು ಗಂಟೆ ಎಂದು ಪಾಠದ ಹೊರೆ ಇಳಿಸದೆ ಇದನ್ನೆಲ್ಲ ಹೇರಿದರೆ ಜನ ಓಡಿಹೋಗುತ್ತಾರೆ, ಮತ್ತು ಖಾಸಗಿ ಕ್ಲಿನಿಕ್ ತೆರೆದರೆ ಸಂಪಾದನೆ ಹೆಚ್ಚು ಎಂಬುದು ಅವರಿಗೂ ಗೊತ್ತಿದೆ. ಕುರ್ಚಿಗೆ ಬಂದವರು ವಾರಕ್ಕೆ ಎರಡು ಬೆಳಗು ಓಪಿಡಿಯಲ್ಲಿ ಕಳೆಯಲೇಬೇಕು ಎಂಬುದು ನನ್ನ ಇನ್ನೊಂದು ಹಟ. ಯಾವ ಯಂತ್ರ ಆರು ತಿಂಗಳಿಂದ ಕೆಟ್ಟು ಮೂಲೆಯಲ್ಲಿದೆ ಎಂಬುದು ಅಲ್ಲಿಗೆ ಹೋದರೇ ಕಾಣುವುದು.

ಮೊನ್ನೆ ಠಾಣೆಯ ಹುಡುಗಿ ಮತ್ತೆ ಫೋನ್ ಮಾಡಿದ್ದಳು. ಬಿಂದು ನಾಮಾವಳಿಯ ಕಡತ ಸಿದ್ಧವಾಗಿ ನಾಸಿಕಕ್ಕೆ ಹೋಯಿತಂತೆ. ಅದನ್ನು ಹಿಡಿದು ಗುಮಾಸ್ತರ ಜೊತೆ ತಪೋವನ ಎಕ್ಸ್‌ಪ್ರೆಸ್ ಹತ್ತಿದ್ದು ವಿಭಾಗದ ಅತ್ಯಂತ ಕಿರಿಯ ಅಧ್ಯಾಪಕಿ. "ಅವಳಿಗೆ ಮೊದಲೇ ಕೇಳಿದೆ ಮ್ಯಾಡಮ್, ರೋಸ್ಟರ್ ಅಂದರೆ ಏನು ಅಂತ. ಅವಳೂ ಡ್ಯೂಟಿ ಪಟ್ಟಿಯನ್ನೇ ತೋರಿಸಿದಳು" ಎಂದು ಹೇಳಿ ಆಕೆ ಮತ್ತೆ ನಕ್ಕಳು.