ಪಾಸ್ ಬಟನ್ ಒತ್ತದೆ ಉಳಿದ 22 ನಿಮಿಷ

ಹಳೇ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕೋಕೆ ಹೊರಟಿದ್ದೀರಾ? ಒಂದು ಐದು ನಿಮಿಷ ತಡೆಯಿರಿ. ಇದನ್ನು ಓದಿ, ಆಮೇಲೆ ನಿಮ್ಮಿಷ್ಟ.

ಹೋದ ತಿಂಗಳು ಅಟ್ಟ ತೆಗೆದು ಕ್ಲೀನ್ ಮಾಡುವಾಗ ಅಣ್ಣನ ಕ್ಯಾಸೆಟ್ ಡಬ್ಬ ಸಿಕ್ಕಿತು. ಚಪ್ಪಲಿ ಬಂದಿದ್ದ ರಟ್ಟಿನ ಡಬ್ಬ. ಒಳಗೆ 31 ಕ್ಯಾಸೆಟ್. ಎಲ್ಲವೂ ರೇಡಿಯೊದಿಂದ ರೆಕಾರ್ಡ್ ಮಾಡಿಕೊಂಡಿದ್ದು. ಆಗ ನಾವು ತುಮಕೂರಿನಲ್ಲಿ ಒಂದು ವಠಾರದ ಮನೆಯಲ್ಲಿ ಇದ್ದೆವು. ರೇಡಿಯೊದ ಮುಳ್ಳು ಯಾವಾಗಲೂ 612ರ ಮೇಲೇ ಇರುತ್ತಿತ್ತು, ಆಕಾಶವಾಣಿ ಬೆಂಗಳೂರು. ಮಾವ ತಂದುಕೊಟ್ಟ ಒಂದು ಸಣ್ಣ ಟೇಪ್ ರೆಕಾರ್ಡರ್ ಇತ್ತು. ರೇಡಿಯೊಗೂ ಅದಕ್ಕೂ ವೈರ್ ಎಳೆಯೋದು ನಮಗೆ ಗೊತ್ತಿರಲಿಲ್ಲ. ಎರಡನ್ನೂ ಎದುರುಬದುರು ಕೂರಿಸಿ, ಮನೆಯವರ ಬಾಯಿ ಮುಚ್ಚಿಸಿ, ಅಣ್ಣ ಕೆಲಸ ಶುರು ಮಾಡುತ್ತಿದ್ದ.

ಅವನಿಗೆ ಬೇಕಿದ್ದು ಹಾಡು ಮಾತ್ರ. ರೆಕಾರ್ಡ್ ಮತ್ತು ಪ್ಲೇ ಎರಡನ್ನೂ ಒಟ್ಟಿಗೆ ಒತ್ತಿ, ಜೊತೆಗೆ ಟೇಪನ್ನು ತಡೆದು ನಿಲ್ಲಿಸುವ ಪಾಸ್ ಬಟನ್ ಒತ್ತಿಟ್ಟುಕೊಂಡು ಕಾಯೋದು. ಉದ್ಘೋಷಕರು ಸಿನಿಮಾದ ಹೆಸರು, ಸಾಹಿತ್ಯ, ಸಂಗೀತ, ಗಾಯನ ಎಲ್ಲ ಹೇಳಿ ಮುಗಿಸುತ್ತಾರೆ. ಆಮೇಲೆ ಒಂದು ಕ್ಷಣ ಸದ್ದಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಪಾಸ್ ಬಿಡಬೇಕು. ಹಾಡು ಮುಗಿಯುತ್ತಿದ್ದ ಹಾಗೇ ಮತ್ತೆ ಒತ್ತಬೇಕು. ಅಣ್ಣ ಇದರಲ್ಲಿ ಎಂಥ ಪಳಗಿದ ಕೈ ಅಂದ್ರೆ, 30 ಕ್ಯಾಸೆಟ್‌ಗಳಲ್ಲಿ ಉದ್ಘೋಷಕರ ಒಂದು ಪೂರ್ತಿ ವಾಕ್ಯ ಇಲ್ಲ. ಅಲ್ಲಲ್ಲಿ ಚೂರುಪಾರು ಸಿಗುತ್ತದೆ. "...ಮತ್ತು ಮನೆಯವರೆಲ್ಲರೂ." "ಇದೀಗ..." ಅಷ್ಟೇ.

ಒಂದರಲ್ಲಿ ಮಾತ್ರ ಬೇರೆ ಕಥೆ. ಭಾನುವಾರದ ಕೋರಿಕೆ ಕಾರ್ಯಕ್ರಮ, ಕೇಳುಗರು ಕಾರ್ಡು ಬರೆದು ತಮಗೆ ಬೇಕಾದ ಹಾಡು ಹಾಕಿಸಿಕೊಳ್ಳೋದು. ಮೊದಲ ಹಾಡು ಮುಗಿಯುವ ಹೊತ್ತಿಗೆ ಒಳಗಿಂದ ಅಮ್ಮನ ಕೂಗು ಕೇಳುತ್ತದೆ: "ನೀರು ಬಂತು, ಕೊಡ ತಗೊಂಡ್ ಬಾರೋ!" ಅಣ್ಣ ಎದ್ದು ಓಡಿದ್ದಾನೆ. ಬೀದಿ ನಲ್ಲಿಯಲ್ಲಿ ನೀರು ಬಂದರೆ ಆ ಕಾಲದಲ್ಲಿ ಹಾಡೂ ಇಲ್ಲ, ಏನೂ ಇಲ್ಲ. ಟೇಪ್ ತನ್ನ ಪಾಡಿಗೆ ತಾನು ಓಡಿದೆ. ಒಂದು ಬದಿ ಮುಗಿಯುವ ತನಕ, ಸರಿಯಾಗಿ 22 ನಿಮಿಷ.

ಆ 22 ನಿಮಿಷವನ್ನು ಈಗ ಹತ್ತು ಸಲ ಕೇಳಿರಬಹುದು. ಅದರಲ್ಲಿರುವ ಐದು ಹಾಡುಗಳನ್ನು ನಾನು ಕೇಳಿಸಿಕೊಂಡೇ ಇಲ್ಲ. ಅವು ನನ್ನ ಫೋನಿನಲ್ಲೇ ಇವೆ, ಇದಕ್ಕಿಂತ ಚೆನ್ನಾಗಿ ಕೇಳುತ್ತವೆ. ನಾನು ಕೇಳಿದ್ದು ಹಾಡಿನ ಮಧ್ಯದ್ದು. ಉದ್ಘೋಷಕರು ಕಾರ್ಡು ತಿರುಗಿಸುವ ಸರಪರ ಸದ್ದು. ಗುಬ್ಬಿಯಿಂದ ಇಂಥವರು, ಕುಣಿಗಲ್‌ನಿಂದ ಇಂಥವರು, ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಂಬತ್ತು ಹೆಸರು. ಒಂದು 15 ಪೈಸೆಯ ಕಾರ್ಡಿನಲ್ಲಿ ಒಂಬತ್ತು ಜನ ಹಿಡಿಸಿದ್ದಾರೆ! ಒಂದೊಂದು ಹೆಸರನ್ನೂ ಅವರು ನಿಧಾನವಾಗಿ, ಪೂರ್ತಿಯಾಗಿ, ಮರ್ಯಾದೆ ಕೊಟ್ಟು ಓದುತ್ತಾರೆ. ಒಂದು ಕಡೆ ತಡವರಿಸಿ ನಿಲ್ಲುತ್ತಾರೆ. "ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಕ್ಷಮಿಸಿ... ಬಹುಶಃ ಗೌರಿಬಿದನೂರು." ಆ "ಬಹುಶಃ"ದಲ್ಲಿ ಒಬ್ಬ ಮನುಷ್ಯ ಕಾರ್ಡನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನೋಡೋದು ನನಗೆ ಕಾಣುತ್ತದೆ.

ಅಮ್ಮನಿಗೆ ಕೇಳಿಸಿದೆ. ತನ್ನ ದನಿ ಕೇಳಿ ಮೊದಲು ನಕ್ಕರು. ಆಮೇಲೆ ಹಿಂದೆ ಕುಕ್ಕರ್ ಕೂಗಿತು. ಅಮ್ಮ ತಕ್ಷಣ ಹೇಳಿದರು: "ಆ ಕುಕ್ಕರ್ ತಗೊಂಡಿದ್ದು ನೀನು ಐದನೇ ಕ್ಲಾಸಲ್ಲಿದ್ದಾಗ. ಅದಕ್ಕಿಂತ ಮುಂಚಿನದ್ದಲ್ಲ ಇದು." ನಾನು ಐದನೇ ಕ್ಲಾಸಲ್ಲಿದ್ದದ್ದು 1988ರಲ್ಲಿ, ವಠಾರ ಬಿಟ್ಟಿದ್ದು 1991ರಲ್ಲಿ. ಹಾಗಾಗಿ ಇದು 1988ರಿಂದ 91ರ ಒಳಗಿನ ಭಾನುವಾರ. ಕ್ಯಾಸೆಟ್ ಮೇಲೆ ತಾರೀಕು ಬರೆದಿರಲಿಲ್ಲ. ಕುಕ್ಕರ್ ಹೇಳಿತು.

ನಾನು ಹೇಳಬೇಕು ಅಂತ ಹೊರಟಿದ್ದು ಇದೇ. ರೇಡಿಯೊದಲ್ಲಿ ಬಂದ ಹಾಡು ಎಲ್ಲೂ ಹೋಗಿಲ್ಲ. ಹೋಗಿದ್ದು ಹಾಡಿನ ಮಧ್ಯೆ ಇದ್ದದ್ದು. ನಾವೆಲ್ಲ ಉಳಿಸಬೇಕಾದ್ದನ್ನು ಕತ್ತರಿಸಿ, ಹೇಗೂ ಉಳಿಯುತ್ತಿದ್ದುದನ್ನು ಇಟ್ಟುಕೊಂಡೆವು.

ಅಮೆರಿಕದಲ್ಲಿ ಇದು ಉಲ್ಟಾ ನಡೆದಿದೆ. ಅಲ್ಲಿ ರೇಡಿಯೊ ಪ್ರಸಾರದ ಇಂಥ ರೆಕಾರ್ಡಿಂಗಿಗೆ ಏರ್‌ಚೆಕ್ ಅಂತಾರೆ. ಊರೂರಿನ ಸಂಗೀತ ಸ್ಟೇಷನ್‌ಗಳ ಸ್ಟುಡಿಯೊದಲ್ಲಿ ಸ್ಕಿಮ್ಮರ್ ಅಂತ ಒಂದು ಟೇಪ್ ಮಷೀನ್ ಇರುತ್ತಿತ್ತು. ಡಿಸ್ಕ್ ಜಾಕಿ ಮೈಕ್ ಆನ್ ಮಾಡಿದಾಗ ಮಾತ್ರ ಅದು ಓಡುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಹಾಡು ಅದರಲ್ಲಿ ಬರೋದೇ ಇಲ್ಲ, ಬರೀ ಮಾತು. ಆಮೇಲೆ ಕೂತು ತಪ್ಪು ಒಪ್ಪು ನೋಡೋಕೆ, ಬೇರೆ ಸ್ಟೇಷನ್‌ಗೆ ಕೆಲಸಕ್ಕೆ ಅರ್ಜಿ ಹಾಕುವಾಗ ಜೊತೆಗೆ ಕಳಿಸೋಕೆ ಅದು ಬೇಕಿತ್ತು. ನಮ್ಮಣ್ಣ ಪಾಸ್ ಬಟನ್‌ನಿಂದ ಏನನ್ನು ಕತ್ತರಿಸಿದನೋ, ಆ ಮಷೀನ್ ಅದನ್ನೇ ಹಿಡಿದಿಟ್ಟಿತು.

ಅಲ್ಲಿನ ಕೇಳುಗರೂ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದಾರೆ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಅನ್ನುವ ಸ್ಟೇಷನ್ 1982ರ ಮೇ 10ರಂದು ಹಾಡು ನಿಲ್ಲಿಸಿ ಬರೀ ಮಾತಿನ ಸ್ಟೇಷನ್ ಆಯಿತು. ಆ ಕೊನೆಯ ಬೆಳಗಿನ ಪ್ರಸಾರವನ್ನು ಇವತ್ತೂ ಕೇಳಬಹುದು. ಅಲ್ಲಿ ಡ್ಯಾನ್ ಇಂಗ್ರಾಮ್ ಅಂತ ಒಬ್ಬರಿದ್ದರು. ಹಾಡಿನ ಮೊದಲ ಸಂಗೀತದ ಮೇಲೆ ಮಾತಾಡುತ್ತಾ ಹೋಗಿ, ಹಾಡುವವರು ಬಾಯಿ ತೆರೆಯುವ ಸರಿಯಾದ ಕ್ಷಣಕ್ಕೆ ನಿಲ್ಲಿಸೋದಕ್ಕೆ ಹೆಸರುವಾಸಿ. ನಾನು ಆ ಊರು ನೋಡಿಲ್ಲ. ಆ ಹಾಡುಗಳೂ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೂ ಕೇಳುವಾಗ ಒಂದು ಊರಿನ ಬೆಳಗ್ಗೆ ಹೇಗಿತ್ತು ಅಂತ ಗೊತ್ತಾಗುತ್ತದೆ.

ನಮ್ಮೂರಿನ ಬೆಳಗ್ಗೆಗಳು ಎಲ್ಲಿವೆ?

ರೇಡಿಯೊ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದೇನಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ, 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ನಮ್ಮ ಮನೆಯಲ್ಲಿ ಉರಿಯುತ್ತಿದ್ದ ಬಲ್ಬಿಗಿಂತ ಕಮ್ಮಿ ವ್ಯಾಟ್. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಬಂದು ಆಮೇಲೆ ದೇಶಕ್ಕೆಲ್ಲ ಆಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಆಮೇಲೆ ಭದ್ರಾವತಿ, ಕಲಬುರಗಿ, ಮಂಗಳೂರು. 1990ರ ಸುಮಾರಿಗೆ ಹಾಸನ, ಚಿತ್ರದುರ್ಗ, ಮಡಿಕೇರಿಯಂಥ ಕಡೆಯೂ ನಿಲಯಗಳು ಬಂದವು. ಆಕಾಶವಾಣಿಯ ಭಂಡಾರದಲ್ಲಿ ದೊಡ್ಡ ವಿದ್ವಾಂಸರ ಕಚೇರಿಗಳಿವೆ, ಭಾಷಣಗಳಿವೆ, ನಾಟಕಗಳಿವೆ. ಅವು ಇರಲೇಬೇಕು. ಆದರೆ ಭಾನುವಾರದ ಕೋರಿಕೆ ಕಾರ್ಯಕ್ರಮದಲ್ಲಿ ಕಾರ್ಡು ಓದಿದ್ದನ್ನು ಯಾರು ತೆಗೆದಿಡುತ್ತಾರೆ? ಅದು ಆ ಕ್ಷಣಕ್ಕೆ ಹೇಳಿದ ಮಾತು, ಹೇಳುತ್ತಿದ್ದ ಹಾಗೇ ಗಾಳಿಗೆ ಹೋಯಿತು. ಅದು ಉಳಿದಿದ್ದರೆ ನಿಮ್ಮ ನಮ್ಮ ಅಟ್ಟದಲ್ಲಿ ಉಳಿದಿರಬೇಕು.

ಎಫ್‌ಎಂ ಕಾಲದ್ದು ಇನ್ನೂ ಕಷ್ಟ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ಅದು. ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳೇ ಜಾಸ್ತಿ. 2006ರಲ್ಲಿ ಒಂದರ ಹಿಂದೆ ಒಂದು ಹೊಸ ಸ್ಟೇಷನ್‌ಗಳು ಬಂದವು. ಕನ್ನಡ ಜೋರಾಯಿತು. "ಸಕ್ಕತ್ ಹಾಟ್ ಮಗಾ" ಅಂತ ರೇಡಿಯೊ ಮಿರ್ಚಿ ಹೇಳಿದಾಗ ನಮ್ಮ ಮನೆಯ ಹಿರಿಯರು ಮುಖ ಕಿವುಚಿದರು. ನನಗೋ ಖುಷಿಯಾಗಿತ್ತು. ಬಸ್‌ಸ್ಟಾಪಿನಲ್ಲಿ, ಕಾಲೇಜ್ ಕ್ಯಾಂಟೀನಿನಲ್ಲಿ ನಾವು ಆಡುತ್ತಿದ್ದ ಕನ್ನಡ ಮೊದಲ ಸಲ ರೇಡಿಯೊದಲ್ಲಿ ಬಂದಿತ್ತು. ಆ ಐದಾರು ವರ್ಷಗಳಲ್ಲಿ ಬೆಂಗಳೂರಿನ ಮಾತು ಹೇಗೆ ಬದಲಾಯಿತು ಅಂತ ನಾಳೆ ಯಾರಾದರೂ ತಿಳಿಯಬೇಕು ಅಂದ್ರೆ ಪೇಪರ್ ನೋಡಿ ಪ್ರಯೋಜನ ಇಲ್ಲ. ಪೇಪರಿನಲ್ಲಿ ಆ ಕನ್ನಡ ಇರಲೇ ಇಲ್ಲ. ಅದು ಇದ್ದದ್ದು ಆರ್‌ಜೆಗಳ ಬಾಯಲ್ಲಿ, ಫೋನ್ ಮಾಡಿದವರ ಬಾಯಲ್ಲಿ.

ನನ್ನ ಹತ್ತಿರ ಆ ಕಾಲದ ಒಂದೇ ಒಂದು ಕ್ಯಾಸೆಟ್ ಇದೆ. ಇದರ ಮೇಲೂ ತಾರೀಕಿಲ್ಲ. ಆರ್‌ಜೆ ಟ್ರಾಫಿಕ್ ಹೇಳುತ್ತಾ "ಏರ್‌ಪೋರ್ಟ್ ರೋಡಲ್ಲಿ ದೊಮ್ಮಲೂರು ಕಡೆ ಫುಲ್ ಜಾಮ್" ಅಂತಾರೆ. ಬರೀ ಏರ್‌ಪೋರ್ಟ್ ರೋಡ್. ಹಳೇ ಅನ್ನುವ ಪದ ಇನ್ನೂ ಅಂಟಿಕೊಂಡಿಲ್ಲ. ಅಂದ್ರೆ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ 2008ರ ಮೇ ತಿಂಗಳಿಗಿಂತ ಮುಂಚಿನದು. ಆಮೇಲೆ ಒಬ್ಬ ಹುಡುಗ ಫೋನ್ ಮಾಡುತ್ತಾನೆ. ಕಾಯಿನ್ ಬೂತಿನಿಂದ. ಮಾತಿನ ಮಧ್ಯೆ ಬೀಪ್ ಬೀಪ್ ಅಂತ ಬರುತ್ತದೆ. ಇನ್ನೊಂದು ರೂಪಾಯಿ ಹಾಕಬೇಕು, ಇಲ್ಲದಿದ್ರೆ ಲೈನ್ ಕಟ್. ಆರ್‌ಜೆಗೂ ಅದು ಗೊತ್ತು. "ಹಾಕಪ್ಪಾ ಹಾಕು, ಕಾಯ್ತೀನಿ" ಅಂತಾರೆ. ಟಣ್ ಅಂತ ರೂಪಾಯಿ ಬೀಳುವ ಸದ್ದು ರೇಡಿಯೊದಲ್ಲಿ ಕೇಳುತ್ತದೆ. ಇದನ್ನು ಯಾವ ಪುಸ್ತಕದಿಂದ ತಿಳಿದುಕೊಳ್ಳೋದು ಹೇಳಿ.

ಸ್ಟೇಷನ್‌ಗಳವರೇ ಇಟ್ಟಿರುತ್ತಾರೆ ಅಲ್ವಾ ಅಂತ ಕೇಳಬಹುದು. ಊರಿನ ಸಂಸ್ಥೆ, ಕಾಲೇಜುಗಳು ನಡೆಸುವ ನಮ್ಮ ಸಮುದಾಯ ರೇಡಿಯೊಗಳಿಗೆ ಸರ್ಕಾರದ ನಿಯಮ ಹೇಳೋದು, ಪ್ರಸಾರ ಮಾಡಿದ್ದನ್ನು 3 ತಿಂಗಳು ಇಟ್ಟುಕೊಳ್ಳಿ ಅಂತ. ಬ್ರಿಟನ್ನಿನಲ್ಲಿ 42 ದಿನ. ಯಾರಾದರೂ ದೂರು ಕೊಟ್ಟರೆ ನೋಡೋಕೆ ಬೇಕು ಅಂತ ಈ ಲೆಕ್ಕ. ಆಮೇಲೆ ಅಳಿಸಿದರೆ ಯಾರೂ ಕೇಳಲ್ಲ. ಇನ್ನು ಸ್ಟೇಷನ್ನೇ ಮುಚ್ಚಿದರೆ? ವರ್ಲ್ಡ್‌ಸ್ಪೇಸ್ ಅಂತ ಉಪಗ್ರಹ ರೇಡಿಯೊ ಇತ್ತು, ನೆನಪಿದೆಯಾ? ಕಿಟಕಿಯಲ್ಲಿ ಆಂಟೆನಾ ಇಟ್ಟು ಆಕಾಶದ ಕಡೆ ತಿರುಗಿಸಬೇಕಿತ್ತು. ಅದರಲ್ಲಿ ಸ್ಪರ್ಶ ಅನ್ನುವ ಕನ್ನಡ ಚಾನೆಲ್ ಇತ್ತು. 2009ರ ಡಿಸೆಂಬರ್ 31ಕ್ಕೆ ಎಲ್ಲ ಬಂದ್. ಆ ಚಾನೆಲ್ಲಿನ ಒಂದೇ ಒಂದು ಗಂಟೆಯ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ನಾನು ಅವರ ಮನೆಗೇ ಬಂದು ಕೇಳುತ್ತೇನೆ.

ನನ್ನ ಆಸೆ ದೊಡ್ಡದಲ್ಲ. ಪ್ರತಿ ಸ್ಟೇಷನ್ ತಿಂಗಳಿಗೆ ಒಂದು ದಿನದ ಪೂರ್ತಿ ಪ್ರಸಾರವನ್ನು ತೆಗೆದಿಡಲಿ. ಬೆಳಗ್ಗೆಯಿಂದ ರಾತ್ರಿವರೆಗೆ, ಜಾಹೀರಾತು ಸಮೇತ, ತಪ್ಪು ಸಮೇತ. ಈಗಿನ ಹಾರ್ಡ್‌ಡಿಸ್ಕಿಗೆ ಅದು ಏನೇನೂ ಅಲ್ಲ. ಯಾವುದಾದರೂ ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಡಲಿ.

ಹಕ್ಕಿನ ಮಾತು ಬಂದೇ ಬರುತ್ತದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಪ್ರಸಾರದ ಮೇಲಿನ ಹಕ್ಕು ಇರೋದು 25 ವರ್ಷ, ಅದೂ ಮುಂದಿನ ಜನವರಿಯಿಂದ ಲೆಕ್ಕ. ಅಣ್ಣನ ಆ ಭಾನುವಾರದ ಪ್ರಸಾರದ್ದು ಯಾವಾಗಲೋ ಮುಗಿದಿದೆ. ಹಾಡಿನ ರೆಕಾರ್ಡಿಂಗಿನದ್ದು ಹಾಗಲ್ಲ, ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ ಊರಿಗೆಲ್ಲ ಹಂಚುವಾಗ ಹಾಡು ತೆಗೆದು ಮಾತನ್ನಷ್ಟೇ ಹಂಚೋದು ಸುರಕ್ಷಿತ. ಅಮೆರಿಕದವರು ಹಾಡು ಕತ್ತರಿಸಿದ ಏರ್‌ಚೆಕ್‌ಗಳನ್ನು ಹಂಚುತ್ತಾ ಬಂದಿದ್ದಾರಲ್ಲ, ಹಾಗೆ. ಮನೆಯಲ್ಲಿ ಇಟ್ಟುಕೊಳ್ಳುವ ಕಾಪಿಯಲ್ಲಿ ಮಾತ್ರ ಏನನ್ನೂ ಕತ್ತರಿಸಬೇಡಿ.

ಇದನ್ನು ನೊಂದು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅಪ್ಪನ ಎರಡು ಕ್ಯಾಸೆಟ್‌ಗಳನ್ನು ಒಂದು ಅಂಗಡಿಗೆ ಸಿಡಿ ಮಾಡಿಕೊಡಿ ಅಂತ ಕೊಟ್ಟಿದ್ದೆ. ಮೂರು ದಿನ ಬಿಟ್ಟು ಹೋದರೆ ಆತ ಖುಷಿಯಿಂದ ಹೇಳಿದ: "ಸಾರ್, ಮಧ್ಯೆ ಮಧ್ಯೆ ಮಾತಿತ್ತು, ಎಲ್ಲ ತೆಗೆದು ನೀಟಾಗಿ ಹಾಡು ಮಾತ್ರ ಇಟ್ಟಿದೀನಿ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕ್ಯಾಸೆಟ್ ವಾಪಸ್ ಕೇಳಿದರೆ ಒಂದನ್ನು ಕೊಟ್ಟ. ಇನ್ನೊಂದರ ರೀಲು ಸಿಕ್ಕಿಕೊಂಡು ಹರಿದು ಹೋಯಿತಂತೆ, ಎಸೆದುಬಿಟ್ಟಿದ್ದ.

ಅದಕ್ಕೇ ಈಗ ನಾನೇ ಮಾಡುತ್ತೇನೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಹಾಕಬೇಡಿ, ಒಂದರ ಬೂಷ್ಟು ಹೆಡ್ಡಿಗೆ ಹತ್ತಿ ಎಲ್ಲದಕ್ಕೂ ಹರಡುತ್ತದೆ. ರೀಲಿನ ಹಿಂದೆ ಇರುವ ಸಣ್ಣ ಸ್ಪಂಜಿನ ಚೂರು ಬಿದ್ದುಹೋಗಿದ್ದರೆ ದನಿ ಮಬ್ಬಾಗುತ್ತದೆ, ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ರೀಲು ಬದಲಾಯಿಸಿದರೆ ಸರಿಹೋಗುತ್ತದೆ. ಹಿಂದಿನ ಅಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮೊದಲು ಮುರಿಯಿರಿ, ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಲ್ಲ. ಕಂಪ್ಯೂಟರಿಗೆ ಹಾಕುವಾಗ ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಮಾಡಿ, ಎಂಪಿ3 ಆಮೇಲೆ. ಕರಕರ ಸದ್ದು ಸುಮ್ನೆ ಇರಲಿ ಬಿಡಿ. ನಾನು ಸದ್ದು ತೆಗೆಯೋಕೆ ಹೋಗಿದ್ದರೆ ಮೊದಲು ಹೋಗುತ್ತಿದ್ದದ್ದು ಕಾರ್ಡು ತಿರುಗಿಸುವ ಸರಪರ ಸದ್ದೇ.

ಅಣ್ಣ ಮುಂದಿನ ವಾರ ಶಿವಮೊಗ್ಗದಿಂದ ಬರುತ್ತಿದ್ದಾನೆ. ಅವನಿಗೆ ಇನ್ನೂ ಕೇಳಿಸಿಲ್ಲ. ಆ ದಿನ ಕ್ಯಾಸೆಟ್ ಹಾಳಾಯಿತು ಅಂತ ಅವನು ಬೈದಾಡಿದ್ದು ಅಮ್ಮನಿಗೆ ಈಗಲೂ ನೆನಪಿದೆ.

ಭದ್ರಾವತಿ, ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರು, ಯಾವ ನಿಲಯದ್ದಾದರೂ ಸರಿ, 2010ಕ್ಕಿಂತ ಹಳೇ ರೆಕಾರ್ಡಿಂಗ್ ಇದ್ದರೆ ಇಲ್ಲೇ ತಿಳಿಸಿ. ಹಾಡು ಅರ್ಧ ಇದ್ದರೂ ಪರವಾಗಿಲ್ಲ, ಮಾತಿರಲಿ. ಡೆಕ್ ನನ್ನ ಹತ್ತಿರ ಇದೆ. ಕಾಸು ಬೇಡ. ನೀವು ಎದುರಿಗೇ ಕೂತಿರಿ, ಕ್ಯಾಸೆಟ್ ಅವತ್ತೇ ವಾಪಸ್ ತಗೊಂಡು ಹೋಗಿ.