ಲೆಟರ್‌ಬಾಕ್ಸಿಗೆ ಹೆಸರಂಟಿಸದವನು ಜರ್ಮನಿಯಲ್ಲಿ ಹುಟ್ಟಿಯೇ ಇಲ್ಲ

ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ಐದಂಕಿಯ ಪಿನ್, ಊರು, ಅಷ್ಟೇ. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ನಿಮ್ಮ ಕಾಗದ ನಿಮ್ಮ ಕೈಗೇ ಬರಬೇಕಾದರೆ ಲೆಟರ್‌ಬಾಕ್ಸಿನ ಮೇಲೆ ನಿಮ್ಮ ಹೆಸರಿನ ಚೀಟಿ ಇರಲೇಬೇಕು. ಇಲ್ಲದಿದ್ದರೆ ಅಂಚೆಯವನು ಯಾರನ್ನೂ ಕೇಳುವುದಿಲ್ಲ, "ಗೌಡ್ರ ಮನೆ ಹಿಂದೆ, ಹುಣಸೆಮರದ ಪಕ್ಕ" ಎಂದು ಹೇಳುವವರೂ ಅಲ್ಲಿಲ್ಲ. ಕಾಗದ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಬ್ಯಾಂಕಿನ ಕಾರ್ಡು, ಅದರ ಪಿನ್ನು (ಬೇರೆ ದಿನ, ಬೇರೆ ಲಕೋಟೆಯಲ್ಲಿ), ಆರೋಗ್ಯ ವಿಮೆಯ ಕಾರ್ಡು, ತೆರಿಗೆ ನಂಬರು, ಎಲ್ಲವೂ ಅಂಚೆಯಲ್ಲೇ ಬರುವ ದೇಶ ಅದು. ಆದ್ದರಿಂದ ಕುಕ್ಕರ್ ಬಿಚ್ಚುವ ಮೊದಲು ಚೀಟಿ ಅಂಟಿಸಿ. ಮನೆಯನ್ನು ಬೇರೆಯವರ ಜೊತೆ ಹಂಚಿಕೊಂಡಿದ್ದರೆ ಅವರ ಹೆಸರಿನ ಕೆಳಗೆ ಅಂಟಿಸಿ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬರೆಯಿರಿ. "ಮಂಜು" ಎಂದು ಬರೆದರೆ ಮಂಜುನಾಥಸ್ವಾಮಿ ತಿಪ್ಪೇಸ್ವಾಮಿಯವರ ಕಾಗದ ಮಂಜುವಿಗೆ ಸಿಗುವುದಿಲ್ಲ.

ಚೀಟಿ ಅಂಟಿತು ಎಂದರೆ ನೀವು ಅಂಚೆಯವನ ಪಾಲಿಗೆ ಮಾತ್ರ ಇದ್ದೀರಿ. ಸರ್ಕಾರದ ಪಾಲಿಗೆ ಇರಬೇಕಾದರೆ ಆನ್‌ಮೆಲ್ಡುಂಗ್ ಆಗಬೇಕು, ಅಂದರೆ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ ಕಾನೂನು. ತಪ್ಪಿದರೆ 1,000 ಯೂರೋವರೆಗೆ ದಂಡ ಹಾಕಬಹುದು. ಆದರೆ ಬರ್ಲಿನ್‌ನಂಥ ಊರಲ್ಲಿ ನೋಂದಣಿ ಕಚೇರಿಯ ಟರ್ಮಿನ್ (ಅಂದರೆ ಭೇಟಿಗೆ ಗೊತ್ತುಮಾಡಿದ ಸಮಯ) ಎರಡು ವಾರದೊಳಗೆ ಸಿಗಬೇಕೆಂಬ ಕಾನೂನು ಮಾತ್ರ ಯಾರನ್ನೂ ಕಟ್ಟಿಹಾಕಿದಂತೆ ಕಾಣುವುದಿಲ್ಲ. ಅಲ್ಲಿಯ ಕನ್ನಡಿಗರು ಎದುರಾದಾಗ "ಊಟ ಆಯ್ತಾ" ಎನ್ನುವುದಿಲ್ಲ, "ಟರ್ಮಿನ್ ಸಿಕ್ತಾ" ಎನ್ನುತ್ತಾರೆ. ನಮ್ಮ ತಾಲೂಕು ಕಚೇರಿಯಲ್ಲಿ "ನಾಳೆ ಬಾ" ಎಂದು ಕಳಿಸುತ್ತಾರೆಂದು ಬೈದುಕೊಂಡು ವಿಮಾನ ಹತ್ತಿದವರಿಗೆ ಬರ್ಲಿನ್ ಕೊಡುವ ಉತ್ತರ ತುಂಬಾ ಶಿಸ್ತಿನದು: ಆರು ವಾರ ಬಿಟ್ಟು, ಮಂಗಳವಾರ, 9 ಗಂಟೆ 12 ನಿಮಿಷಕ್ಕೆ ಬಾ.

ಅನುಭವಸ್ಥರು ಕಂಡುಕೊಂಡ ಉಪಾಯಗಳಿವೆ. ನಿಮ್ಮ ಬಡಾವಣೆಯ ಕಚೇರಿಯನ್ನೇ ಹಿಡಿದು ಕೂರಬೇಡಿ, ಬರ್ಲಿನ್‌ನ ಯಾವ ಕಚೇರಿಯಲ್ಲಾದರೂ ನೋಂದಣಿ ನಡೆಯುತ್ತದೆ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಪುಟವನ್ನು ರಿಫ್ರೆಶ್ ಮಾಡುತ್ತಿರಿ, ಯಾರೋ ರದ್ದು ಮಾಡಿದ ಟರ್ಮಿನ್ ಆಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದ ಮೇಲೆ ಕಚೇರಿ ಎಲ್ಲಿದೆ, ಎಷ್ಟು ದೂರ ಎಂದು ಯೋಚಿಸಬಾರದು. ಸರ್ಕಾರಿ ಸಹಾಯವಾಣಿ 115ಕ್ಕೆ ಫೋನ್ ಮಾಡಿಯೂ ಕೇಳಬಹುದು. ಟರ್ಮಿನ್ ಎರಡು ವಾರದ ಆಚೆ ಸಿಕ್ಕಿದರೆ ಹೆದರಬೇಡಿ, ಬುಕ್ ಮಾಡಿದ ದಿನಾಂಕದ ಇಮೇಲನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ಮುದ್ರಿಸಿ ಎಂದದ್ದು ಬೇಕೆಂದೇ. ಫೋನಿನಲ್ಲಿ ತೋರಿಸಿದ್ದನ್ನು ಪಂಚ್ ಮಾಡಿ ಫೈಲಿಗೆ ಸೇರಿಸಲು ಬರುವುದಿಲ್ಲವಲ್ಲ.

ಈ ನೋಂದಣಿಗೆ ಪಾಸ್‌ಪೋರ್ಟಿನ ಜೊತೆ ಮನೆ ಮಾಲೀಕರ ಸಹಿಯಿರುವ ಒಂದು ಪುಟದ ಪತ್ರ ಬೇಕು: ಇಂಥವರು, ಇಂಥ ತಾರೀಕು, ಈ ಮನೆಗೆ ಬಂದಿದ್ದಾರೆ. ಬಾಡಿಗೆ ಕರಾರು ತೋರಿಸಿದರೆ ನಡೆಯದು, ಕರಾರು ಮಾಡಿಕೊಂಡಿದ್ದೀರಿ, ಬಂದಿದ್ದೀರಿ ಎಂದು ಹೇಗೆ ನಂಬುವುದು? ಸ್ನೇಹಿತನ ಸೋಫಾದ ಮೇಲೆ ಮಲಗಿಕೊಂಡು ಆ ವಿಳಾಸ ಕೊಡೋಣವೆಂದರೆ, ವಾಸಕ್ಕಲ್ಲದ ವಿಳಾಸ ಒದಗಿಸಿದವನಿಗೆ ದಂಡ 50,000 ಯೂರೋವರೆಗೆ. ಬಾಡಿಗೆಗೆ ಸರಿಯಾದ ಮನೆ ಹುಡುಕೋಣವೆಂದರೆ ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಂಬಳ ಬೀಳಲು ಬ್ಯಾಂಕ್ ಖಾತೆ ಬೇಕು, ಅನೇಕ ಬ್ಯಾಂಕುಗಳು ಖಾತೆಗೆ ಆನ್‌ಮೆಲ್ಡುಂಗ್ ಕೇಳುತ್ತವೆ, ಆನ್‌ಮೆಲ್ಡುಂಗ್‌ಗೆ ಮನೆ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದವನು ಮ್ಯೂನಿಕ್‌ನಲ್ಲಿ ಒಂದು ಚಳಿಗಾಲ ಮನೆ ಹುಡುಕಿರಬೇಕು.

ಇದರ ಮೇಲೆ ಇನ್ನೊಂದು: ಹಿಂದಿನ ಮನೆಯಲ್ಲಿ ಬಾಡಿಗೆ ಬಾಕಿ ಉಳಿಸಿಲ್ಲ ಎಂಬ ಹಿಂದಿನ ಮಾಲೀಕರ ಪತ್ರ. ಹಾಸನದಲ್ಲಿ ಸ್ವಂತ ಅಪ್ಪನ ಮನೆಯಲ್ಲಿ ಇದ್ದವರು ಏನು ಮಾಡಬೇಕು? ಅಪ್ಪನೇ ಬರೆದುಕೊಡಬಹುದು. ಬಾಕಿ ಇಲ್ಲ ಎಂದು ಬರೆಯುತ್ತಾರೋ ಇಲ್ಲವೋ ಅವರವರ ಅಪ್ಪನಿಗೆ ಬಿಟ್ಟದ್ದು. ಒಂದು ಸಮಾಧಾನವಿದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವಂತಿಲ್ಲ, ಹೀಟಿಂಗು ಮತ್ತಿತರ ಖರ್ಚು ಬಿಟ್ಟ ಬರೀ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಠೇವಣಿ ಪಡೆಯಲು ಕಾನೂನು ಬಿಡುವುದಿಲ್ಲ.

ನೋಂದಣಿಯ ಅರ್ಜಿಯಲ್ಲಿ ಧರ್ಮ ಎಂಬ ಒಂದು ಸಣ್ಣ ಅಂಕಣವಿದೆ. ಹಿಂದೂ, ಜೈನ, ಲಿಂಗಾಯತ ಇತ್ಯಾದಿಗಳ ಬಗ್ಗೆ ಜರ್ಮನ್ ತೆರಿಗೆ ಇಲಾಖೆಗೆ ಕಿಂಚಿತ್ತೂ ಆಸಕ್ತಿಯಿಲ್ಲ, ಅವರ ಕಾಟ ಅಲ್ಲಿಗೆ ಮುಗಿಯಿತು. ಮಂಗಳೂರಿನಿಂದ ಬಂದ ಭಕ್ತ ಕ್ಯಾಥೊಲಿಕರು ಮಾತ್ರ ಇಲ್ಲಿ ಪೆನ್ನನ್ನು ಒಂದು ಕ್ಷಣ ಮೇಲೆತ್ತಿ ಯೋಚಿಸಬೇಕು. ಅಲ್ಲಿ ಕ್ಯಾಥೊಲಿಕ್ ಎಂದು ಬರೆದವರಿಗೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ, ಬವೇರಿಯಾ ಮತ್ತು ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ಆ ತೆರಿಗೆಯ ಶೇ 8, ಉಳಿದ ರಾಜ್ಯಗಳಲ್ಲಿ ಶೇ 9. ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಾರೆ, ಕಾಣಿಕೆ ಡಬ್ಬಿಗೆ ಏನು ಹಾಕುವುದು ಎಂಬ ಚಿಂತೆಯೇ ಇಲ್ಲ. ಬೇಡವೆನಿಸಿದರೆ ಪಾದ್ರಿಯ ಹತ್ತಿರ ಹೋಗಬೇಕಿಲ್ಲ. ಬರ್ಲಿನ್‌ನಲ್ಲಾದರೆ ಕೋರ್ಟಿಗೆ, ಬವೇರಿಯಾದಲ್ಲಾದರೆ ಜನನ-ಮರಣ ನೋಂದಣಿ ಕಚೇರಿಗೆ ಹೋಗಿ ಚರ್ಚಿನಿಂದ ಹೊರಬಂದಿದ್ದೇನೆ ಎಂದು ಬರೆದುಕೊಡಬೇಕು. ಆ ರಸೀದಿಯನ್ನು ಬದುಕಿರುವವರೆಗೂ ಕಾಪಾಡಿಕೊಳ್ಳಿ. ದೇವರು ನಿಮ್ಮನ್ನು ಕೇಳುತ್ತಾನೋ ಇಲ್ಲವೋ, ತೆರಿಗೆ ಇಲಾಖೆ ಕೇಳುತ್ತದೆ.

ನೋಂದಣಿಯಾದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ನಂಬರು ಬರುತ್ತದೆ. ಅದು ತಡವಾದರೆ ಸಂಬಳ ವಿಭಾಗದವರು ನಿಮ್ಮನ್ನು ಆರನೇ ತೆರಿಗೆ ವರ್ಗಕ್ಕೆ ಹಾಕಬಹುದು, ಮುರಿತ ಅತಿ ಹೆಚ್ಚಾಗಿರುವುದು ಅದರಲ್ಲೇ. ಪಿಎಚ್‌ಡಿ ಮುಗಿಸಿ ಬಂದವರನ್ನು ಆರನೇ ಕ್ಲಾಸಿಗೆ ಕೂರಿಸುವ ವ್ಯವಸ್ಥೆ. ಹೆಚ್ಚಿಗೆ ಹೋದದ್ದು ನಂಬರು ಬಂದ ಮೇಲೆ ಸಂಬಳದಲ್ಲೋ ವರ್ಷದ ಲೆಕ್ಕ ಸಲ್ಲಿಸಿದಾಗಲೋ ವಾಪಸ್ ಬರುತ್ತದೆ, ಅಲ್ಲಿಯವರೆಗೆ ಅನ್ನ ಮೊಸರು. ಅದೇ ಹೊತ್ತಿಗೆ ರೇಡಿಯೋ-ಟಿವಿ ಶುಲ್ಕದವರ ಕಾಗದವೂ ಬರುತ್ತದೆ. ನೋಂದಣಿ ಕಚೇರಿಯೇ ಅವರಿಗೆ ಸುದ್ದಿ ಮುಟ್ಟಿಸಿರುತ್ತದೆ, ಈ ಒಂದು ಕೆಲಸದಲ್ಲಿ ಮಾತ್ರ ಇಲಾಖೆಗಳ ನಡುವೆ ಅಪಾರ ಹೊಂದಾಣಿಕೆ. ಮನೆಯೊಂದಕ್ಕೆ ತಿಂಗಳಿಗೆ 18 ಯೂರೋ 36 ಸೆಂಟ್, 2021ರಿಂದ ಇದೇ ದರ. ಟಿವಿ ಇಲ್ಲ, ರೇಡಿಯೋ ಇಲ್ಲ, ಜರ್ಮನ್ ಒಂದಕ್ಷರ ಬರುವುದಿಲ್ಲ ಎಂದು ಬರೆದರೂ ಪ್ರಯೋಜನವಿಲ್ಲ. ಕಟ್ಟಬೇಕಾದದ್ದು ಮನೆ ಇರುವುದಕ್ಕೆ. ಒಂದೇ ಮನೆಯಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಆದರೆ ಉಳಿದ ಮೂವರು ಆ ಒಬ್ಬರ ಶುಲ್ಕದ ನಂಬರನ್ನು ಬರೆದು ಕಳಿಸಬೇಕು. ಕಾಗದ ನೋಡಿ ಜಾಹೀರಾತೆಂದು ಎಸೆದವರಿಗೆ ಬಾಕಿ ಸಮೇತ ಇನ್ನೊಂದು ಕಾಗದ ಬರುತ್ತದೆ.

ಇವೆಲ್ಲ ಹೊಸಬರ ಪಾಡು. ಹಳಬರಿಗೆ ನಿಜವಾದ ಪರೀಕ್ಷೆ ಇರುವುದು ಅಲ್ಲಿ ಮದುವೆಯಾಗಲು ಹೋದಾಗ, ಅಥವಾ ಅಲ್ಲಿ ಮಗು ಹುಟ್ಟಿದಾಗ.

ಭಾರತ 2005ರಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತು. ಒಂದು ದೇಶದ ದಾಖಲೆಗೆ ಒಂದು ಮುದ್ರೆ ಬಿದ್ದರೆ ಇನ್ನೊಂದು ದೇಶ ಪ್ರಶ್ನಿಸದೆ ಒಪ್ಪಬೇಕು ಎಂಬುದು ಅದರ ಆಶಯ. ಜರ್ಮನಿ ಭಾರತದ ಸೇರ್ಪಡೆಗೆ ಆಕ್ಷೇಪ ದಾಖಲಿಸಿತು. ಹಾಗಾಗಿ ದೆಹಲಿಯ ವಿದೇಶಾಂಗ ಇಲಾಖೆಯಿಂದ ಮುದ್ರೆ ಹಾಕಿಸಿಕೊಂಡು ಬಂದ ಜನನ ಪ್ರಮಾಣಪತ್ರ ಫ್ರಾನ್ಸಿನಲ್ಲಿ ದಾಖಲೆ, ರೈನ್ ನದಿ ದಾಟಿದರೆ ಸ್ಟಿಕರ್ ಅಂಟಿಸಿದ ಕಾಗದ. ಗೊತ್ತಿಲ್ಲದೆ ಏಜೆಂಟರಿಗೆ ದುಡ್ಡು ಕೊಟ್ಟು ಅಪೊಸ್ಟಿಲ್ ಮಾಡಿಸಿಕೊಂಡು ಬರುವವರು ಈಗಲೂ ಇದ್ದಾರೆ. ಜರ್ಮನ್ ಜನನ-ವಿವಾಹ ನೋಂದಣಿ ಕಚೇರಿ ಅದರ ಬದಲು ಕೇಳುವುದು ದಾಖಲೆಗಳ ತನಿಖೆಯನ್ನು. ಕಡತ ಕರ್ನಾಟಕದವರದ್ದಾದರೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಬರುತ್ತದೆ, ಮೂಲ ಪ್ರತಿಗಳ ಸಮೇತ. ಖರ್ಚು ನಿಮ್ಮದೇ, ಮುಂಗಡ. ಜೊತೆಗೊಂದು ಪ್ರಶ್ನಾವಳಿ: ಹುಟ್ಟಿದ ಆಸ್ಪತ್ರೆ, ಓದಿದ ಶಾಲೆಗಳು, ಇದ್ದ ವಿಳಾಸಗಳು, ಬಂಧುಗಳು. ಆಮೇಲೆ ಕಾನ್ಸುಲೇಟ್ ಗೊತ್ತುಮಾಡಿದವರು ನಿಮ್ಮೂರಿಗೇ ಹೋಗಿ ರಿಜಿಸ್ಟರ್ ತೆಗೆಸಿ ನೋಡುತ್ತಾರೆ, ಬೇಕೆನಿಸಿದರೆ ಅಕ್ಕಪಕ್ಕದವರನ್ನೂ ಮಾತಾಡಿಸುತ್ತಾರೆ.

ನಮ್ಮೂರುಗಳಲ್ಲಿ ಅಪರಿಚಿತರೊಬ್ಬರು ಬಂದು ಇಂಥವರ ಮಗ ಹೇಗೆ, ಏನು ಎಂದು ವಿಚಾರಿಸಿದರೆ ಅದಕ್ಕೆ ಒಂದೇ ಅರ್ಥ. ತಿಪಟೂರಿನ ಕಡೆಯ ಒಂದು ಜಗಲಿಯನ್ನು ಊಹಿಸಿಕೊಳ್ಳಿ.

"ಈ ಮನೆಯ ಮಂಜುನಾಥಸ್ವಾಮಿ ಗೊತ್ತಾ ಅಮ್ಮ?"

"ಗೊತ್ತಿಲ್ದೆ ಏನು, ಜರ್ಮನೀಲಿ ಅವ್ನೆ. ಯಾಕಪ್ಪ, ಹೆಣ್ಣಿನ ಕಡೆಯೋರಾ? ಅವ್ನಿಗೆ ಮದ್ವೆ ಆಗೋಗದೆ!"

"ಅದನ್ನೇ ಕೇಳೋಕೆ ಬಂದಿದ್ದು. ಯಾವಾಗ ಆಯ್ತು?"

"ಆ ವರ್ಸ ನಮ್ಮ ಎಮ್ಮೆ ಕರ ಹಾಕಿತ್ತು. ಶ್ರಾವಣ ಇರ್ಬೇಕು. ಬಿಸಿಬೇಳೆಬಾತ್ ಸಾಲ್ದೆ ಬಂತು."

ಬಿಸಿಬೇಳೆಬಾತ್ ಸಾಲದೆ ಬಂದದ್ದು ಮದುವೆ ನಡೆದದ್ದಕ್ಕೆ ಪ್ರಬಲ ಸಾಕ್ಷಿಯೇ, ಆದರೆ ವರದಿಯಲ್ಲಿ ಅದಕ್ಕೆ ಅಂಕಣವಿಲ್ಲ. ಕಡತ ಮುಗ್ಗರಿಸುವುದು ಬೇರೆ ಕಡೆ. ಛತ್ರದ ತಾರೀಕು ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿಯ ತಾರೀಕು ಇನ್ನೊಂದು. ಅರ್ಜಿ ತುಂಬುವಾಗ ಒಂದು ಕಡೆ ಅದನ್ನು, ಇನ್ನೊಂದು ಕಡೆ ಇದನ್ನು ಬರೆದಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಜನನ ಪತ್ರದಲ್ಲಿ ಇನಿಶಿಯಲ್ಲು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಹೆಸರೂ ಸೇರಿದ ಮೂರನೆಯ ಅವತಾರ. ಒಂದನೇ ಕ್ಲಾಸಿಗೆ ಸೇರಿಸುವಾಗ ವಯಸ್ಸು ಹೊಂದಲೆಂದು ಮೇಷ್ಟ್ರು ಬರೆದುಕೊಂಡ ಜೂನ್ ತಿಂಗಳ ಹುಟ್ಟುಹಬ್ಬ ಒಂದು ಕಡೆ, ಅಮ್ಮ ಹೇಳುವ ದೀಪಾವಳಿಯ ಹುಟ್ಟುಹಬ್ಬ ಇನ್ನೊಂದು ಕಡೆ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಊರಲ್ಲಿರುವಾಗಲೇ ಹೆಸರು ಸೇರಿಸಿದ ಹೊಸ ಪ್ರತಿ ಪಡೆಯಿರಿ, ತಂದೆ-ತಾಯಿಯ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನ ಜೊತೆ ಒಂದೊಂದೂ ತಾಳೆಯಾಗುತ್ತವೆಯೇ ಎಂದು ನೋಡಿ. ಹೆಸರಿನ ಕೊನೆಯ "ಎ" ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ನಮಗೆ ಅದು ಬರೀ ಉಚ್ಚಾರ, ಅಲ್ಲಿ ಅವರಿಬ್ಬರೂ ಬೇರೆ ಬೇರೆ ಮನುಷ್ಯರು.

ತನಿಖೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮಗು ಅಷ್ಟು ದಿನ ಕಾಯುವುದಿಲ್ಲ. ಹುಟ್ಟಿದ ಒಂದು ವಾರದೊಳಗೆ ಜನನವನ್ನು ತಿಳಿಸಬೇಕು, ಹೆಸರಿಗೆ ಮಾತ್ರ ಒಂದು ತಿಂಗಳ ಸಮಯವಿದೆ. ಜೋಯಿಸರು ಅಕ್ಷರ ಹೇಳಿ, ಸೋದರತ್ತೆ ಒಪ್ಪಿ, ಅಜ್ಜಿ ಮುನಿಸಿಕೊಂಡು ಸಮಾಧಾನವಾಗುವುದೆಲ್ಲ ಅಷ್ಟರಲ್ಲಿ ಮುಗಿಯಬೇಕು. ಅಪ್ಪ-ಅಮ್ಮನ ದಾಖಲೆಗಳ ತನಿಖೆ ಮುಗಿಯದಿದ್ದರೆ ಮಗುವಿನ ದಾಖಲೆಯಲ್ಲಿ "ತಂದೆ-ತಾಯಿಯ ಗುರುತು ಸಾಬೀತಾಗಿಲ್ಲ" ಎಂಬ ಷರಾ ಬೀಳುತ್ತದೆ. ಅದೇ ಅಪ್ಪನಿಗೆ ಅದೇ ಊರಿನ ಇನ್ನೊಂದು ಕಚೇರಿ ಗುರುತು ನೋಡಿ ರೆಸಿಡೆನ್ಸ್ ಕಾರ್ಡ್ ಕೊಟ್ಟಿದೆ, ಮತ್ತೊಂದು ಕಚೇರಿ ತಿಂಗಳು ತಿಂಗಳೂ ಗುರುತಿಸಿ ತೆರಿಗೆ ಮುರಿದುಕೊಳ್ಳುತ್ತಿದೆ. ಮಗನಿಗೆ ಅಪ್ಪನಾಗಲು ಮಾತ್ರ ಅವನ ಗುರುತು ಸಾಲುತ್ತಿಲ್ಲ.

ಮನೆತನದ ಹೆಸರು ಯಾವುದು ಎಂಬ ಪ್ರಶ್ನೆಗೆ ಅರ್ಧ ಕರ್ನಾಟಕದ ಬಳಿ ಉತ್ತರವಿಲ್ಲ. ಇದರಲ್ಲಿ ಜರ್ಮನಿಯನ್ನಷ್ಟೇ ಬೈಯುವುದು ನ್ಯಾಯವಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೊದಲ ಹೆಸರನ್ನು ದಯಪಾಲಿಸುತ್ತದೆ. ಅದು ಡ್ರೈವಿಂಗ್ ಲೈಸೆನ್ಸಿಗೂ ಇಳಿದು, ಬಸವರಾಜನೂ ಶಿವಮ್ಮನೂ ಅಲ್ಲಿ ಒಂದೇ ಹೆಸರಿನವರಾಗುತ್ತಾರೆ. ಯುಎಇ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಭೇಟಿ ವೀಸಾದವರನ್ನು ಒಳಗೇ ಬಿಡುವುದಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸರಿ ಎಂದು ಮೆತ್ತಗಾಯಿತು. ಅಪ್ಪನ ಹೆಸರು ಕೆಲಸಕ್ಕೆ ಬಂದದ್ದು ಅಲ್ಲೊಂದೇ ಕಡೆ.

ಇಷ್ಟಾದರೂ ಜರ್ಮನ್ ಕಚೇರಿಯಲ್ಲಿ ಯಾರೂ ಲಂಚ ಕೇಳುವುದಿಲ್ಲ ಎಂಬುದು ನಿಜ, ಸಂಕಟವಿರುವುದೂ ಅಲ್ಲೇ. ನಮ್ಮಲ್ಲಿ ನಿಂತ ಫೈಲಿಗೆ ಒಂದು ದಾರಿಯಾದರೂ ಇರುತ್ತದೆ, ಕೆಟ್ಟ ದಾರಿ. ಅಲ್ಲಿ ಮೈಸೂರು ಪಾಕಿನ ಡಬ್ಬಿಯನ್ನೂ ನಯವಾಗಿ ವಾಪಸ್ ಮಾಡುತ್ತಾರೆ. 575 ಬಗೆಯ ಸರ್ಕಾರಿ ಸೇವೆಗಳನ್ನು 2022ರ ಕೊನೆಯೊಳಗೆ ಆನ್‌ಲೈನ್ ಮಾಡುತ್ತೇವೆಂದು 2017ರಲ್ಲಿ ಕಾನೂನನ್ನೇ ಮಾಡಿದ ದೇಶ ಅದು. ಗಡುವು ಬಂತು, ಹೋಯಿತು, ಸೇವೆಗಳಲ್ಲಿ ಬಹುಪಾಲು ಕಿಟಕಿಯ ಹಿಂದೆಯೇ ಉಳಿದವು. ಗಡುವು ಮೀರಿದ್ದಕ್ಕೆ ದಂಡ ಸರ್ಕಾರಕ್ಕಿಲ್ಲ.

ಬೆಂಗಳೂರಿಗೆ ಬರುವ ಜರ್ಮನ್ ಎಂಜಿನಿಯರ್ ನಗುವಂತೇನೂ ಇಲ್ಲ. 180 ದಿನ ಮೀರಿದ ವೀಸಾ ಇದ್ದರೆ ಅವನಿಗೂ 14 ದಿನದ ಗಡುವೇ, ವಿದೇಶಿಯರ ಕಚೇರಿಯಾದ ಎಫ್‌ಆರ್‌ಆರ್‌ಒ ನೋಂದಣಿಗೆ. ನಮ್ಮದು 2018ರಿಂದ ಆನ್‌ಲೈನ್, ಹೆಮ್ಮೆಪಡಬಹುದು. ಅದಕ್ಕೆ ಬಾಡಿಗೆ ಕರಾರು ಬೇಕು, ಕರಾರು ಹನ್ನೊಂದು ತಿಂಗಳಿಗೆ. ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ ಎಂದು ಮಾಲೀಕರು ವಿವರಿಸಿದಾಗ ಅವನು ಕಾನೂನು ತಪ್ಪಿಸಲು ಕಾನೂನೇ ಮಾಡಿಕೊಟ್ಟ ಅನುಕೂಲವನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ವಿದೇಶಿಯನ್ನು ಇಟ್ಟುಕೊಂಡವರು ತುಂಬಬೇಕಾದ ಫಾರ್ಮ್ ಎಂದೊಡನೆ ಮಾಲೀಕ ಅಂಕಲ್ ಮುಖ ಬಿಗಿಯುತ್ತದೆ: "ಪೊಲೀಸ್ ವಿಷ್ಯ ಎಲ್ಲಾ ನಮಗ್ಯಾಕೆ ಸಾರ್, ನೀವೇ ಏನಾದ್ರೂ ಮಾಡ್ಕೊಳಿ."

ಒಗ್ಗಿಕೊಂಡ ಕನ್ನಡಿಗನನ್ನು ಗುರುತಿಸುವುದು ಸುಲಭ. ಅವನ ಮನೆಯ ಕಪಾಟಿನಲ್ಲಿ ಎರಡು ರಂಧ್ರದ, ಎಂಟು ಸೆಂಟಿಮೀಟರ್ ದಪ್ಪದ ಫೈಲುಗಳು ವರ್ಷವಾರು ನಿಂತಿರುತ್ತವೆ. ರಜೆಗೆ ಊರಿಗೆ ಬಂದಾಗ ಎಳನೀರಿನವನ ಹತ್ತಿರ ರಸೀದಿ ಕೇಳುತ್ತಾನೆ. ಪಾಸ್‌ಪೋರ್ಟಿನ ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಹೊರಡುತ್ತಾನೆ, ಏಕೆಂದರೆ ರೆಸಿಡೆನ್ಸ್ ಕಾರ್ಡನ್ನು ಪಾಸ್‌ಪೋರ್ಟ್ ಇರುವವರೆಗೆ ಮಾತ್ರ ಕೊಟ್ಟಿರುತ್ತಾರೆ, ಪಾಸ್‌ಪೋರ್ಟ್ ಅರ್ಜಿಗೆ ಚಾಲ್ತಿಯಲ್ಲಿರುವ ರೆಸಿಡೆನ್ಸ್ ಕಾರ್ಡ್ ಲಗತ್ತಿಸಬೇಕು. ಎರಡೂ ಒಂದೇ ದಿನ ಸತ್ತರೆ ಎತ್ತುವವರಿಲ್ಲ.

ಸಾಕಾಯಿತೆಂದು ಊರಿಗೆ ಹೊರಡುವವರು ಸುಮ್ಮನೆ ಹೊರಡುವಂತಿಲ್ಲ. ಮನೆ ಬಿಡುವ ಒಂದು ವಾರ ಮೊದಲಿನಿಂದ ಬಿಟ್ಟ ಎರಡು ವಾರದೊಳಗೆ ವಿಳಾಸ ರದ್ದು ಮಾಡಿಸಬೇಕು. ರೇಡಿಯೋ-ಟಿವಿಯವರಿಗೆ ನಿಲ್ಲಿಸಿ ಎಂದು ಬೇರೆಯಾಗಿ ಬರೆದು, ರದ್ದಾದ ಪತ್ರದ ಪ್ರತಿ ಲಗತ್ತಿಸಬೇಕು. ಮರೆತು ವಿಮಾನ ಹತ್ತಿದವರ ಶುಲ್ಕ ಓಡುತ್ತಲೇ ಇರುತ್ತದೆ. ತೆರಿಗೆ ನಂಬರನ್ನು ಮಾತ್ರ ವಾಪಸ್ ಕೊಡಲು ಬರುವುದಿಲ್ಲ, ಅದು ಜೀವನಪರ್ಯಂತ. ಅಲ್ಲ, ಅದಕ್ಕೂ ಮುಂದೆ. ಮನುಷ್ಯ ಸತ್ತ ವರ್ಷ ಮುಗಿದು ಗರಿಷ್ಠ 20 ವರ್ಷದವರೆಗೆ ಆ ನಂಬರಿನ ದಾಖಲೆ ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ತಿಥಿಯನ್ನು ಮಕ್ಕಳು ಮರೆತರೂ ನೆನಪಿಟ್ಟುಕೊಳ್ಳಲು ಅಲ್ಲೊಂದು ಇಲಾಖೆಯಿದೆ.