ಮೈಕಿನ ಮುಂದೆ ಮನಸ್ಸು ಬಿಚ್ಚಬೇಕೇ?

ನಿರೂಪಕರು ತಮ್ಮ ನಿಜವಾದ ಭಾವನೆಯನ್ನು ದನಿಯಲ್ಲಿ ತೋರಬೇಕೇ, ಬೇಡವೇ ಎಂಬುದಕ್ಕೆ ಎರಡು ವಾದಗಳು.

ಪರ: ಕಿವಿಗೆ ಎಲ್ಲವೂ ಗೊತ್ತಾಗುತ್ತದೆ

ಬಾನುಲಿಯಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ, ಇರುವುದು ದನಿಯೊಂದೇ. ತುಟಿಯಲ್ಲಿ ನಗು ಮೂಡಿದರೆ ಬಾಯಿಯ ಆಕಾರದ ಜೊತೆಗೆ ಸ್ವರವೂ ಬದಲಾಗುತ್ತದೆ, ಒಣಗಿದ ಗಂಟಲೂ ತಡೆದು ಬಿಟ್ಟ ಉಸಿರೂ ಮೈಕಿಗೆ ಸಿಕ್ಕಿಬೀಳುತ್ತವೆ. ತಾನು ಓದುತ್ತಿರುವ ವಿಷಯದಲ್ಲಿ ಆಸ್ಥೆಯಿಲ್ಲದ ನಿರೂಪಕ ಎಷ್ಟೇ ಸ್ಫುಟವಾಗಿ ಉಚ್ಚರಿಸಲಿ, ನಿಲ್ಲಬೇಕಾದಲ್ಲಿ ನಿಲ್ಲದೆ, ಒತ್ತು ಬೀಳಬೇಕಾದ ಪದವನ್ನು ನುಂಗಿ, ತನ್ನ ಉದಾಸೀನವನ್ನು ತಾನೇ ಬಯಲು ಮಾಡಿಕೊಳ್ಳುತ್ತಾನೆ. ಪ್ರೀತಿಯಿಂದ ಬರುವ ಪೂರ್ವತಯಾರಿಗೆ ತರಬೇತಿ ಬದಲಿಯಾಗಲಾರದು.

1937ರ ಮೇ 6ರಂದು ಹಿಂಡೆನ್‌ಬರ್ಗ್ ವಾಯುನೌಕೆ ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಹೊತ್ತಿ ಉರಿಯಿತು. ಆ ಇಳಿಯುವಿಕೆಯ ವಿವರಣೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ ಬಾನುಲಿ ವರದಿಗಾರ ಹರ್ಬರ್ಟ್ ಮಾರಿಸನ್ ಅಳುತ್ತಲೇ ಮಾತಾಡಿದರು, ಉಸಿರಾಡಲೂ ಆಗುತ್ತಿಲ್ಲವೆಂದರು, ಒಳಗೆ ಹೋದರು, ಸಾವರಿಸಿಕೊಂಡು ಮತ್ತೆ ವರದಿ ಮುಂದುವರಿಸಿದರು. ಆ ಮುದ್ರಿಕೆಯನ್ನು ಇಂದು ಕೇಳಿದರೂ ಎದೆ ಬಿಗಿಯುತ್ತದೆ, ಏಕೆಂದರೆ ಅಲ್ಲಿ ಕಣ್ಣು ಕಂಡದ್ದಕ್ಕೂ ದನಿ ಹೇಳಿದ್ದಕ್ಕೂ ನಡುವೆ ಅಂತರವೇ ಇಲ್ಲ.

ಪ್ರಾಮಾಣಿಕತೆಯೆಂದರೆ ಕಣ್ಣೀರು ಮಾತ್ರವಲ್ಲ, ಸ್ವಂತ ನಾಲಿಗೆಯೂ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಲ್ಫ್ರೆಡ್ ಪಿಕಲ್ಸ್ ಬಿಬಿಸಿಯ ವಾರ್ತೆಗಳನ್ನು ತಮ್ಮ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಉಚ್ಚಾರದಲ್ಲೇ ಓದಿದಾಗ ಕೆಲವು ಕೇಳುಗರು ಆಕ್ಷೇಪಿಸಿದರು. ನಂಬಿಕೆಗೆ ಒಂದೇ ಬಗೆಯ ಉಚ್ಚಾರ ಬೇಕೆನ್ನುವುದು ಕಿವಿಗೆ ಆದ ರೂಢಿಯೇ ಹೊರತು ಸತ್ಯಕ್ಕೆ ಸಂಬಂಧಿಸಿದ್ದಲ್ಲ.

ವಿರೋಧ: ದನಿ ನನ್ನದು, ಸುದ್ದಿ ನನ್ನದಲ್ಲ

ಮಾರಿಸನ್ನರ ಅಳು ನಿಜವಾಗಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಜೀವಮಾನದಲ್ಲಿ ಒಮ್ಮೆ ತಾನಾಗಿ ಉಕ್ಕಿದ್ದನ್ನು ದಿನನಿತ್ಯದ ಕರ್ತವ್ಯವಾಗಿಸಿದರೆ ಏನಾಗುತ್ತದೆ? ಸಂಬಳಕ್ಕಾಗಿ ಭಾವನೆಯನ್ನು ಹದಗೊಳಿಸಿ ತೋರಿಸುವ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವಶ್ರಮವೆಂದು ಗುರುತಿಸಿದರು. ಪ್ರತಿದಿನ ಬೆಳಿಗ್ಗೆ ಅದೇ ಗಂಟೆಗೆ ಅದೇ ಉತ್ಸಾಹವನ್ನು ಹಾಜರುಪಡಿಸಬೇಕಾದ ನಿರೂಪಕರು ಮಾಡುವುದೂ ಅದನ್ನೇ. ನಿಲಯವು ಕೇಳಿ ಪಡೆಯುವ ಸಹಜತೆ ಸಹಜವಾಗಿ ಉಳಿಯುವುದಿಲ್ಲ. ಈ ಕೆಲಸದ ಮೇಲೆ ಪ್ರೀತಿಯಿದ್ದರೆ ಸಾಕೆಂದು ರಾತ್ರಿ ಪಾಳಿಗೆ ಸಂಬಳ ಕೊಡದಿರುವುದೂ ಇದೇ ಮಾತಿನ ನೆರಳಿನಲ್ಲಿ ನಡೆಯುವ ಅನ್ಯಾಯ.

ಕೇಳುಗನಿಗೂ ಇದರಲ್ಲಿ ಅಪಾಯವಿದೆ. ತೆರೆಯ ಮೇಲಿನವರೊಂದಿಗೆ ನೋಡುಗರು ಕಟ್ಟಿಕೊಳ್ಳುವ ಏಕಮುಖ ಆಪ್ತತೆಯನ್ನು ಸಂಶೋಧಕರಾದ ಹಾರ್ಟನ್ ಮತ್ತು ವೋಲ್ 1956ರಲ್ಲೇ ವಿವರಿಸಿದ್ದರು. ಆಪ್ತರೆಂದು ನಂಬಿದವರ ಮಾತನ್ನು ನಾವು ಪರೀಕ್ಷಿಸುವುದಿಲ್ಲ. ದನಿಯಲ್ಲಿ ಕಳಕಳಿಯಿದ್ದ ಮಾತ್ರಕ್ಕೆ ತಪ್ಪು ಸುದ್ದಿ ಸರಿಯಾಗುವುದೂ ಇಲ್ಲ.

1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ ತೀರಿಕೊಂಡರೆಂಬ ವರದಿಗಳು ಒಂದರ ಹಿಂದೊಂದು ಬರುತ್ತಿದ್ದಾಗ, ಅಲ್ಲಿನ ಟಿವಿ ಜಾಲವಾದ ಸಿಬಿಎಸ್‌ನ ವಾಲ್ಟರ್ ಕ್ರಾಂಕೈಟ್ ಅವು ಅಧಿಕೃತವಲ್ಲವೆಂದು ಮತ್ತೆ ಮತ್ತೆ ಎಚ್ಚರಿಸಿದರು. ಖಚಿತವಾದ ಸುದ್ದಿ ಕೈಗೆ ಬಂದ ಮೇಲೆ ಅದನ್ನು ಓದಿ, ಕನ್ನಡಕ ತೆಗೆದು, ಗಡಿಯಾರ ನೋಡಿ, ಉಗುಳು ನುಂಗಿ, ಮುಂದಿನ ವಾಕ್ಯಕ್ಕೆ ಹೋದರು. ನೆನಪಿನಲ್ಲಿ ಉಳಿದಿರುವುದು ಆ ಕನ್ನಡಕ. ನಾನು ಗೌರವಿಸುವುದು ಅದಕ್ಕೂ ಮುಂಚಿನ ಆ ಕಾಯುವಿಕೆಯನ್ನು.

ಮನೆಯಲ್ಲಿ ಸಾವಾದ ವಾರದಲ್ಲೇ ಕೆಲಸಕ್ಕೆ ಬಂದ ನಿರೂಪಕಿಯೊಬ್ಬಳು, ಪ್ರಸಾರ ಶುರುವಾಯಿತೆಂದು ಸೂಚಿಸುವ ಕೆಂಪು ದೀಪ ಹೊತ್ತಿದೊಡನೆ ಸಮ ಸ್ವರದಲ್ಲಿ ಹವಾಮಾನ ವರದಿ ಓದಿ, ದೀಪ ಆರಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಅತ್ತರೆ, ಅವಳ ಓದನ್ನು ನಟನೆಯೆನ್ನಲು ನನಗೆ ಮನಸ್ಸು ಬಾರದು.